ಮಲೆನಾಡಿನ ಮನೆಯ ಹಳೆ ಎಸಿ: ರಿಪೇರಿಯೋ, ಹೊಸದೋ?

ಮಾರ್ಚ್ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಎಸಿ ಮೆಕ್ಯಾನಿಕ್‌ಗಳ ಫೋನಿಗೆ ಬಿಡುವಿರುವುದಿಲ್ಲ. ಕಳೆದ ಮೇ ತಿಂಗಳಲ್ಲಿ ಚೆನ್ನಾಗಿಯೇ ಇದ್ದ ಎಸಿ ಈಗ ಹಾಕಿದರೆ ಬರೀ ಗಾಳಿ, ತಂಪಿಲ್ಲ. ಮೆಕ್ಯಾನಿಕ್ ಬರುತ್ತಾರೆ, ‘ಗ್ಯಾಸ್ ಹೋಗಿದೆ’ ಎನ್ನುತ್ತಾರೆ, ತುಂಬಿಸಿ ದುಡ್ಡು ಪಡೆದು ಹೋಗುತ್ತಾರೆ. ಮುಂದಿನ ಮಾರ್ಚ್‌ನಲ್ಲಿ ಮತ್ತದೇ ಕಥೆ. ಮೂರನೇ ವರ್ಷ ಬೇಸತ್ತು ಅಂಗಡಿಗೆ ಹೋದರೆ ಅಲ್ಲಿ ಉತ್ತರ ಸಿದ್ಧವಾಗಿರುತ್ತದೆ: ‘ಎಂಟು ವರ್ಷದ ಮಷೀನಾ? ಎಕ್ಸ್‌ಚೇಂಜಿಗೆ ಕೊಡಿ, ಹೊಸ ಫೈವ್ ಸ್ಟಾರ್ ತಗೊಳ್ಳಿ, ಕರೆಂಟ್ ಬಿಲ್ಲಿನಲ್ಲೇ ದುಡ್ಡು ವಾಪಸ್.’ ಹೀಗೆ ಮೊದಲು ಮೂರು ವರ್ಷ ಗ್ಯಾಸಿಗೆ ದುಡ್ಡು ಸುರಿದು, ಆಮೇಲೆ ರಿಪೇರಿ ಆಗಬಹುದಾಗಿದ್ದ ಮಷೀನನ್ನು ಗುಜರಿ ಬೆಲೆಗೆ ಕೊಟ್ಟು ಬರುವವರು ನಮ್ಮಲ್ಲಿ ಬಹಳ. ಎಸಿಗೆ ಎಷ್ಟು ವರ್ಷವಾಯಿತು ಎಂಬುದು ಇಲ್ಲಿ ಎರಡನೇ ಪ್ರಶ್ನೆ. ಕೆಟ್ಟಿರುವುದು ಯಾವ ಭಾಗ, ಆ ಎಸಿ ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬೆರಡು ಗೊತ್ತಾದರೆ ಮುಕ್ಕಾಲು ಪಾಲು ನಿರ್ಧಾರ ಆದಂತೆಯೇ.

ಗಂಟೆಯ ಲೆಕ್ಕವನ್ನೇ ಮೊದಲು ನೋಡೋಣ, ಏಕೆಂದರೆ ಅಂಗಡಿಯವರ ಮಾತು ಎಡವುವುದು ಅಲ್ಲೇ. ಎಸಿಯ ಮೇಲೆ ಅಂಟಿಸಿರುವ ಸ್ಟಾರ್ ಲೇಬಲ್ಲಿನಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದಲ್ಲ, ಆ ಸಂಖ್ಯೆ ವರ್ಷಕ್ಕೆ 1600 ಗಂಟೆ ಓಡಿಸಿದರೆ ಎಂಬ ಲೆಕ್ಕದ್ದು. ಹೊರಗಿನ ಉಷ್ಣಾಂಶ 24ರಿಂದ 43 ಡಿಗ್ರಿವರೆಗೆ ಇರುತ್ತದೆ ಎಂದು ಇಡೀ ದೇಶಕ್ಕೆ ಅನ್ವಯಿಸಿ ಮಾಡಿದ ಲೆಕ್ಕ ಅದು. ಕಲಬುರಗಿ, ರಾಯಚೂರಿಗೆ ಅದು ಹೊಂದುತ್ತದೆ. ನಮ್ಮಲ್ಲಿ ಹೆಂಚಿನ ಮನೆ ಹೋಗಿ ತಾರಸಿ ಬಂದ ಮೇಲೆ ಸೆಕೆ ಹೆಚ್ಚಿದ್ದು ನಿಜ, ಆದರೂ ಎಸಿ ಬೇಕಾಗುವುದು ಮಾರ್ಚ್ ಮಧ್ಯದಿಂದ ಮುಂಗಾರು ಹಿಡಿಯುವ ತನಕ, ಅದೂ ರಾತ್ರಿ, ಅದೂ ಒಂದೇ ಕೋಣೆಯಲ್ಲಿ. 75 ರಾತ್ರಿ, ದಿನಕ್ಕೆ 6 ಗಂಟೆ ಎಂದು ಧಾರಾಳವಾಗಿಯೇ ಹಿಡಿದರೂ 450 ಗಂಟೆ. ಹತ್ತು ವರ್ಷ ಹಳೆಯ, ಇನ್ವರ್ಟರ್ ಇಲ್ಲದ ಒಂದೂವರೆ ಟನ್ನಿನ ತ್ರೀ ಸ್ಟಾರ್ ಎಸಿ 1600 ಗಂಟೆಗೆ ಸುಮಾರು 1,200 ಯೂನಿಟ್ ತಿನ್ನುತ್ತದೆ, ಹೊಸ ಫೈವ್ ಸ್ಟಾರ್ ಇನ್ವರ್ಟರ್ ಎಸಿ ಸುಮಾರು 750 ಎಂದಿಟ್ಟುಕೊಳ್ಳಿ. ಲೇಬಲ್ಲಿನ ಪ್ರಕಾರ ಉಳಿತಾಯ 450 ಯೂನಿಟ್. ನಿಮ್ಮ 450 ಗಂಟೆಗೆ ಅದು 127 ಯೂನಿಟ್ಟಿಗೆ ಇಳಿಯುತ್ತದೆ. ತೆರಿಗೆ, ಸರ್ಚಾರ್ಜ್ ಎಲ್ಲ ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಹಾಕಿದರೂ ವರ್ಷಕ್ಕೆ 900 ರೂಪಾಯಿ ದಾಟುವುದಿಲ್ಲ. ಸ್ಟ್ಯಾಂಡು, ಪೈಪು, ಫಿಟ್ಟಿಂಗ್ ಸೇರಿ 45 ಸಾವಿರ ಬೀಳುವ ಹೊಸ ಎಸಿಯ ದುಡ್ಡು ಬಿಲ್ಲಿನಲ್ಲೇ ವಾಪಸ್ ಬರಬೇಕಾದರೆ ಐವತ್ತು ವರ್ಷ ಬೇಕು. ಕರೆಂಟ್ ಉಳಿತಾಯ ಎಂಬ ಒಂದೇ ಕಾರಣಕ್ಕೆ ಮಲೆನಾಡಿನ ಮನೆಯವರು ಓಡುವ ಎಸಿಯನ್ನು ಬದಲಿಸುವುದರಲ್ಲಿ ಅರ್ಥವಿಲ್ಲ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯದು, ಅದನ್ನು ತಳ್ಳಿಹಾಕುವಂತಿಲ್ಲ. ಯೋಜನೆಯಲ್ಲಿ ನಿಮ್ಮ ಮನೆಗೆ ಉಚಿತವಾಗಿ ಸಿಗುವುದು 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಒಂದಿಷ್ಟು ಹೆಚ್ಚುವರಿ ಯೂನಿಟ್. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. ಆದರೆ ತಿಂಗಳ ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ಲನ್ನು ಮೆಸ್ಕಾಂಗೆ ಕಟ್ಟಬೇಕು. ಎಸಿ ಬಿಟ್ಟು ಉಳಿದದ್ದಕ್ಕೆ 80 ಯೂನಿಟ್ ಸುಡುವ ಮನೆಯನ್ನೇ ತೆಗೆದುಕೊಳ್ಳಿ. ಏಪ್ರಿಲ್‌ನಲ್ಲಿ ದಿನಕ್ಕೆ 6 ಗಂಟೆಯಂತೆ ಹಳೆ ಎಸಿ 135 ಯೂನಿಟ್ ಎಳೆದು ಒಟ್ಟು 215 ಆಗುತ್ತದೆ. ಹೊಸದು 85 ಎಳೆದು ಒಟ್ಟು 165ಕ್ಕೆ ನಿಲ್ಲುತ್ತದೆ. ಬಿಲ್ಲಿನಲ್ಲಿ ಆ ತಿಂಗಳ ವ್ಯತ್ಯಾಸ ಸಾವಿರದ ಆಸುಪಾಸು. ‘ನೋಡಿ, ಹೊಸದೇ ಲಾಭ’ ಎಂದು ಹೇಳುವವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಒಂದು ಹೆಜ್ಜೆ ಮುಂದೆ ಹೋಗಿ. ಎಸಿಯ ಉಷ್ಣಾಂಶವನ್ನು ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು 6 ಪರ್ಸೆಂಟ್ ಕರೆಂಟ್ ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರಿಂದ ಎಸಿಗಳು ಆನ್ ಆಗುವಾಗ 24 ಡಿಗ್ರಿಗೇ ನಿಲ್ಲಬೇಕೆಂಬ ನಿಯಮ ಬಂದಿದ್ದೂ ಇದೇ ಕಾರಣಕ್ಕೆ. 22ಕ್ಕೆ ಇಟ್ಟು ಕಂಬಳಿ ಹೊದ್ದು ಮಲಗುವವರು 26ಕ್ಕೆ ಇಟ್ಟು ಫ್ಯಾನ್ ಹಾಕಿಕೊಂಡರೆ 135 ಯೂನಿಟ್ ನೂರರ ಹತ್ತಿರಕ್ಕೆ ಇಳಿದು, ಹಳೆ ಎಸಿಯಲ್ಲೇ ಮನೆ 200ರ ಒಳಗೆ ಉಳಿಯುತ್ತದೆ. ರಿಮೋಟಿನಲ್ಲಿ ಆಗುವ ಕೆಲಸಕ್ಕೆ 45 ಸಾವಿರ ಯಾಕೆ?

ಗಂಟೆ ಹೆಚ್ಚಾದಷ್ಟೂ ಈ ಲೆಕ್ಕ ತಿರುಗುತ್ತದೆ ಎಂಬುದನ್ನು ಮರೆಯಬಾರದು. ಜೋಗದ ಕಡೆಯಲ್ಲೋ ಆಗುಂಬೆಯ ಕಡೆಯಲ್ಲೋ ಹೋಂಸ್ಟೇ ನಡೆಸುವವರು, ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರು, ಜಡಿಮಳೆಯ ತಿಂಗಳುಗಳಲ್ಲಿ ಬಟ್ಟೆಬರೆಗೆ ಬೂಸು ಹಿಡಿಯದಿರಲೆಂದು ಎಸಿಯನ್ನು ಡ್ರೈ ಮೋಡಿನಲ್ಲಿ ಹಗಲಿಡೀ ಓಡಿಸುವವರು 1500 ಗಂಟೆಯ ಲೆಕ್ಕದವರು. ಅವರಿಗೆ ಉಳಿತಾಯ ವರ್ಷಕ್ಕೆ 3 ಸಾವಿರ ಮುಟ್ಟುತ್ತದೆ. ಹೋಂಸ್ಟೇಗೆ ಕಮರ್ಷಿಯಲ್ ಮೀಟರ್ ಇದ್ದರೆ ಇನ್ನೂ ಹೆಚ್ಚು. ದೊಡ್ಡ ರಿಪೇರಿ ಬಂದಾಗ ಅವರು ಹೊಸದಕ್ಕೆ ಹೋದರೆ ತಪ್ಪೇನೂ ಇಲ್ಲ. ಇನ್ನು ಮುಂದಿನ ಮಾತೆಲ್ಲ ಉಳಿದವರಿಗೆ.

ಯಾರನ್ನೂ ಕರೆಸುವ ಮುನ್ನ ಮನೆಯವರೇ ನೋಡಬಹುದಾದ್ದು ಕೆಲವಿವೆ. ಫಿಲ್ಟರ್ ತೊಳೆದು ಒಣಗಿಸಿ ಹಾಕಿ, ಕಾಲು ಗಂಟೆ ಓಡಿಸಿ, ಒಳಗೆ ಹೋಗುವ ಗಾಳಿಗೂ ಹೊರಗೆ ಬರುವ ಗಾಳಿಗೂ ಒಂದು ಸಾಧಾರಣ ಥರ್ಮಾಮೀಟರ್ ಹಿಡಿದು ನೋಡಿ. 8ರಿಂದ 12 ಡಿಗ್ರಿ ಅಂತರವಿದ್ದರೆ ಎಸಿ ಸರಿಯಾಗಿಯೇ ಇದೆ, ತಪ್ಪು ಕೋಣೆಯದು. ಹಳೆ ಮನೆಯ ಮುಚ್ಚಿಗೆ ಹಲಗೆಗಳ ಸಂದಿಯಿಂದ ತಂಪೆಲ್ಲ ಅಟ್ಟಕ್ಕೆ ಹೋಗುತ್ತಿರುತ್ತದೆ, ಇಲ್ಲವೇ ತಾರಸಿಯ ಮೇಲೆ ಶೀಟ್ ಹೊದಿಸಿರುವುದಿಲ್ಲ. ಇಂಥ ಕೋಣೆಗೆ ಎಂಥ ಹೊಸ ಎಸಿ ತಂದರೂ ಅಷ್ಟೇ. ಆಮೇಲೆ ಹೊರಗಿನ ಯೂನಿಟ್ ನೋಡಿ. ಫ್ಯಾನ್ ತಿರುಗುತ್ತಿದೆ, ಆದರೆ ಕಂಪ್ರೆಸರ್ ಗುಂಯ್ ಎಂದು ಸದ್ದು ಮಾಡಿ ಟಕ್ಕೆಂದು ನಿಂತುಬಿಡುತ್ತದೆ ಎಂದಾದರೆ ಇನ್ವರ್ಟರ್ ಅಲ್ಲದ ಎಸಿಗಳಲ್ಲಿ ಬಹಳ ಸಲ ತಪ್ಪು ಕೆಪಾಸಿಟರಿನದು, ಅಥವಾ ವೋಲ್ಟೇಜಿನದು. ತೋಟಕ್ಕೆ ನೀರು ಬಿಡುವ ಬೇಸಿಗೆಯಲ್ಲಿ ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ಲೈನಿನ ಕೊನೆಯ ಮನೆಗೆ ವೋಲ್ಟೇಜ್ ಉಳಿಯುವುದಿಲ್ಲ. ಶರಾವತಿಯ ಕರೆಂಟು ನಾಡಿಗೆಲ್ಲ ಹೋಗಿ ನಮ್ಮ ಬಲ್ಬು ಮಾತ್ರ ಮಿಣುಕುವುದು ಹೊಸ ಸಂಗತಿಯೇನಲ್ಲ. ಕೆಪಾಸಿಟರ್ ಕೆಲವು ನೂರು ರೂಪಾಯಿಯ ವಸ್ತು. ಅದಕ್ಕೆ ‘ಕಂಪ್ರೆಸರ್ ಹೋಗಿದೆ’ ಎಂಬ ಹೆಸರು ಬಿದ್ದು ಎಸಿಯೇ ಗುಜರಿಗೆ ಹೋಗಬಾರದು. ಅದನ್ನು ಬದಲಿಸಿ ನೋಡಿದ ಮೇಲೆ ತೀರ್ಪು ಹೇಳಿ ಎಂದು ಕೇಳಿ. ನೀವಾಗಿ ಮಾತ್ರ ಮುಚ್ಚಳ ಬಿಚ್ಚಬೇಡಿ, ಕರೆಂಟು ತೆಗೆದ ಮೇಲೂ ಕೆಪಾಸಿಟರ್ ಹೊಡೆಯುತ್ತದೆ.

ಈಗ ಗ್ಯಾಸಿನ ವಿಚಾರ. ಇಡೀ ಲೇಖನದಲ್ಲಿ ಒಂದೇ ಪ್ಯಾರಾ ಓದುವುದಾದರೆ ಇದನ್ನು ಓದಿ. ಅಡುಗೆ ಸಿಲಿಂಡರಿನ ಗ್ಯಾಸ್ ಉರಿದು ಖಾಲಿಯಾಗುತ್ತದೆ, ಎಸಿಯ ಗ್ಯಾಸ್ ಹಾಗೆ ಖರ್ಚಾಗುವಂಥದ್ದಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ಹತ್ತು ಹದಿನೈದು ವರ್ಷ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ, ಬೇರೆ ಕಾರಣವೇ ಇಲ್ಲ. ‘ಎಂಟು ತಿಂಗಳು ಓಡಿಸದೆ ಬಿಟ್ಟಿದ್ದಕ್ಕೆ ಗ್ಯಾಸ್ ಹೋಯಿತು’ ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ, ಮೆಕ್ಯಾನಿಕ್‌ಗಳೂ ಹೇಳುತ್ತಾರೆ. ಓಡಿಸದಿದ್ದರೆ ಗ್ಯಾಸ್ ಹೋಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಸೋರಿಕೆ ಮಳೆಗಾಲ, ಚಳಿಗಾಲ ಎನ್ನದೆ ನಡೆದೇ ಇರುತ್ತದೆ, ಗೊತ್ತಾಗುವುದು ಮಾತ್ರ ಮಾರ್ಚ್‌ನಲ್ಲಿ. ಆ ಸೋರಿಕೆ ಹಾಗೇ ಇರಲು ಬಿಟ್ಟು ಮೇಲಿನಿಂದ ತುಂಬಿಸಿದರೆ ಹಾಕಿದ್ದು ಮುಂದಿನ ವರ್ಷಕ್ಕೆ ಗಾಳಿಗೆ ಹೋಗಿರುತ್ತದೆ. ಅದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಕಂಪ್ರೆಸರಿನ ಮೋಟಾರ್ ತಂಪಾಗುವುದು ವಾಪಸ್ ಬರುವ ಗ್ಯಾಸಿನಿಂದಲೇ, ಅದರ ಎಣ್ಣೆಯೂ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಗ್ಯಾಸ್ ಕಡಿಮೆಯಿರುವ ಎಸಿಯನ್ನು ‘ಸ್ವಲ್ಪ ತಂಪು ಬರುತ್ತಲ್ಲ, ಇರಲಿ’ ಎಂದು ಓಡಿಸಿದರೆ ಕಂಪ್ರೆಸರ್ ಕಾದು ಕಾದು ಸುಡುತ್ತದೆ. ಕೆಲವು ನೂರರ ಸೋರಿಕೆ ಕಡೆಗೆ ಹದಿನೈದು ಸಾವಿರದ ರಿಪೇರಿಯಾಗುವುದು ಹೀಗೆ.

ಸೋರುವ ಜಾಗ ಹುಡುಕುವುದು ಕಷ್ಟವಲ್ಲ, ಸಮಯ ಬೇಕು ಅಷ್ಟೇ. ಗ್ಯಾಸ್ ಸೋರುವಾಗ ಜೊತೆಗೆ ಎಣ್ಣೆಯ ಪಸೆಯೂ ಹೊರಬರುತ್ತದೆ. ಹೊರಗಿನ ಯೂನಿಟ್ಟಿನ ಪಕ್ಕದಲ್ಲಿ ದಪ್ಪ, ತೆಳು ಎರಡು ತಾಮ್ರದ ಪೈಪು ಸೇರುವ ಕಡೆ ಹಿತ್ತಾಳೆ ನಟ್ಟುಗಳಿರುತ್ತವೆ. ಆ ನಟ್ಟಿನ ಸುತ್ತ ಜಿಡ್ಡಿಗೆ ಧೂಳು ಕೂತು ಕಪ್ಪಗಾಗಿದ್ದರೆ ಸೋರಿಕೆ ಬಹುಪಾಲು ಅಲ್ಲೇ. ನಟ್ಟು ಬಿಚ್ಚಿ ಪೈಪಿನ ಬಾಯನ್ನು ಹೊಸದಾಗಿ ಅಗಲಿಸಿ ಕೂರಿಸಿದರೆ ಮುಗಿಯಿತು, ಎಸಿಗೆ ಎಷ್ಟೇ ವಯಸ್ಸಾಗಿರಲಿ ಆ ರಿಪೇರಿ ಮಾಡಿಸಬೇಕು. ಅಲ್ಲಿ ಕಾಣದಿದ್ದರೆ ಪೈಪಿಗೆ ನೈಟ್ರೋಜನ್ ತುಂಬಿಸಿ ಒತ್ತಡ ಕೊಟ್ಟು, ಸೋಪಿನ ನೊರೆ ಹಚ್ಚಿ, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾಯಬೇಕು. ಅರ್ಧ ಗಂಟೆ ಸಾಲದು, ಸಣ್ಣ ಸೋರಿಕೆಗೆ ರಾತ್ರಿಯಿಡೀ ಬಿಟ್ಟರೆ ಒಳ್ಳೆಯದು. ನೈಟ್ರೋಜನ್ ಇಲ್ಲವೆಂದು ವೆಲ್ಡಿಂಗಿನ ಆಕ್ಸಿಜನ್ ತುಂಬಿಸಲು ಯಾರಾದರೂ ಹೊರಟರೆ ಅಲ್ಲೇ ತಡೆಯಿರಿ, ಎಣ್ಣೆಯಿರುವ ಕೊಳವೆಗೆ ಒತ್ತಡದಲ್ಲಿ ಆಕ್ಸಿಜನ್ ಹೋದರೆ ಸ್ಫೋಟವಾಗುತ್ತದೆ. ರಿಪೇರಿಯಾದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಲ್ಲ ಎಳೆದು, ಆಮೇಲೆ ಗ್ಯಾಸನ್ನು ತೂಕ ಮಾಡಿ ತುಂಬಬೇಕು. ಎಷ್ಟು ಗ್ರಾಂ ಎಂಬುದು ಹೊರಗಿನ ಯೂನಿಟ್ಟಿನ ತಗಡಿನ ಮೇಲೆ ಅಚ್ಚಾಗಿರುತ್ತದೆ. ವ್ಯಾಕ್ಯೂಮ್ ಮಾಡದೆ, ಒಂದಿಷ್ಟು ಗ್ಯಾಸ್ ಬಿಟ್ಟು ಗಾಳಿ ಓಡಿಸಿದಂತೆ ಮಾಡಿ ಮುಗಿಸುವ ಅಡ್ಡದಾರಿ ನಮ್ಮ ಹವೆಗೆ ಸ್ವಲ್ಪವೂ ಒಗ್ಗದು. ಒಳಗುಳಿದ ತೇವ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರಿನ ವೈಂಡಿಂಗನ್ನು ತಿನ್ನುತ್ತದೆ.

‘ಇಷ್ಟೆಲ್ಲ ಮಾಡುವ ಮೆಕ್ಯಾನಿಕ್ ನಮ್ಮೂರಲ್ಲಿ ಎಲ್ಲಿ?’ ಎನ್ನುವವರಿದ್ದಾರೆ. ಇದ್ದಾರೆ, ಆದರೆ ಮಾರ್ಚ್‌ನಲ್ಲಿ ಅವರಿಗೆ ಪುರುಸೊತ್ತಿಲ್ಲ. ಶಿವಮೊಗ್ಗದಿಂದ ಸಾಗರಕ್ಕೆ 70 ಕಿಲೋಮೀಟರಿಗೂ ಹೆಚ್ಚು, ಕಂಪನಿಯ ಹುಡುಗರು ದಿನಕ್ಕೆ ಹತ್ತು ಮನೆ ಮುಗಿಸುವ ಧಾವಂತದಲ್ಲಿ ಬಂದಿರುತ್ತಾರೆ. ಅವರಿಗೆ ಸೋರಿಕೆ ಹುಡುಕುವುದಕ್ಕಿಂತ ಗ್ಯಾಸ್ ತುಂಬುವುದು ಸುಲಭ. ಅದಕ್ಕೇ ಈ ಕೆಲಸವನ್ನು ದೀಪಾವಳಿ ಕಳೆದ ಮೇಲೆ, ಯಾರಿಗೂ ಎಸಿ ನೆನಪಿರದ ಹೊತ್ತಿನಲ್ಲಿ ಮಾಡಿಸಿ. ಫೋನಿನಲ್ಲೇ ಮೂರು ಮಾತು ಕೇಳಿಬಿಡಿ: ‘ನೈಟ್ರೋಜನ್ ತರ್ತೀರಾ? ವ್ಯಾಕ್ಯೂಮ್ ಪಂಪ್ ಇದೆಯಾ? ಗ್ಯಾಸ್ ತೂಕ ಮಾಡಿ ಹಾಕ್ತೀರಾ?’ ಮೂರರಲ್ಲಿ ಒಂದಕ್ಕೆ ತೊದಲಿದರೂ ಬೇರೆಯವರನ್ನು ನೋಡಿ. ಜಾಸ್ತಿ ಕೂಲಿ ಕೇಳಿದರೆ ಕೊಡಿ. ವರ್ಷಕ್ಕೆ ಮೂರು ಸಾವಿರದಂತೆ ಮೂರು ಸಲ ಸುಮ್ಮನೆ ಗ್ಯಾಸ್ ತುಂಬಿಸುವ ದುಡ್ಡಿನಲ್ಲಿ ಒಂದು ಕಾಯಿಲ್ಲೇ ಬರುತ್ತದೆ.

ಸೋರುವ ಜಾಗ ಸಿಕ್ಕಿತೆಂದರೆ ರಿಪೇರಿಯೋ ಹೊಸದೋ ಎಂಬುದು ಬಹುತೇಕ ತಾನಾಗಿಯೇ ಇತ್ಯರ್ಥವಾಗುತ್ತದೆ. ನಟ್ಟು, ವಾಲ್ವು, ನಡುವಿನ ತಾಮ್ರದ ಪೈಪು ಆದರೆ ಕಣ್ಣು ಮುಚ್ಚಿ ರಿಪೇರಿ. ಒಳಗಿನ ಕಾಯಿಲ್ಲಿನಲ್ಲೇ ಸೋರಿಕೆಯಿದ್ದರೆ ಬೆಸುಗೆ ಹಾಕಿಸುವುದು ನಂಬಿಕೆಯ ಕೆಲಸವಲ್ಲ. ತೇವ, ಪೇಂಟು-ಪಾಲಿಶಿನ ಹೊಗೆ, ಅಡುಗೆಮನೆಯ ಆವಿ ಸೇರಿ ತೆಳು ತಾಮ್ರದಲ್ಲಿ ಗೆದ್ದಲು ತಿಂದಂತೆ ಸೂಜಿಮೊನೆಯ ತೂತುಗಳು ಹಲವು ಕಡೆ ಬಿದ್ದಿರುತ್ತವೆ, ಒಂದು ಮುಚ್ಚಿದರೆ ಇನ್ನೊಂದು ಬಾಯಿ ಬಿಡುತ್ತದೆ. ಅಲ್ಲಿ ಇಡೀ ಕಾಯಿಲ್ಲನ್ನೇ ಬದಲಿಸಬೇಕು, ಮಷೀನಿಗೆ ಏಳೆಂಟು ವರ್ಷದೊಳಗಾಗಿದ್ದರೆ ಬದಲಿಸಿ. ಕಂಪ್ರೆಸರ್ ಸುಟ್ಟಿದ್ದರೆ ಮೊದಲು ಬಿಲ್ ಹುಡುಕಿ. ಎಸಿಯ ವಾರಂಟಿ ಒಂದು ವರ್ಷದ್ದಾದರೂ ಕಂಪ್ರೆಸರಿಗೆ ಹಲವು ಕಂಪನಿಗಳು ಹತ್ತು ವರ್ಷ ಕೊಟ್ಟಿರುತ್ತವೆ, ಎಷ್ಟೋ ಮನೆಯಲ್ಲಿ ಅದು ನೆನಪೇ ಇರುವುದಿಲ್ಲ. ಗ್ಯಾಸು, ಕೂಲಿ ನಿಮ್ಮದಾದರೂ ಲಾಭವೇ. ವಾರಂಟಿ ಮುಗಿದಿದ್ದರೆ ನನ್ನ ಅಳತೆ ಇದು: ಎಂಟು ವರ್ಷ ದಾಟಿದ ಮಷೀನಿಗೆ ಗ್ಯಾಸು, ಕೂಲಿ, ಓಡಾಟ ಎಲ್ಲ ಸೇರಿದ ರಿಪೇರಿ ಖರ್ಚು ಹೊಸದನ್ನು ಕೂರಿಸಿ ಮುಗಿಸುವ ಒಟ್ಟು ಖರ್ಚಿನ ಶೇ. 40 ಮುಟ್ಟಿದರೆ ಹೊಸದೇ ಸರಿ. ಕಾಯಿಲ್ಲೂ ಕಂಪ್ರೆಸರೂ ಎರಡೂ ಹೋಗಿದ್ದರೆ ಲೆಕ್ಕ ಹಾಕುವ ಅಗತ್ಯವೂ ಇಲ್ಲ. ಎಸ್ಟಿಮೇಟನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಯಾವ ಭಾಗ, ಎಷ್ಟು ಗ್ರಾಂ ಗ್ಯಾಸ್ ಎಂದು ಬರೆಸಿಕೊಳ್ಳಿ.

‘ಹಳೆ ಗ್ಯಾಸೇ ಬ್ಯಾನ್ ಆಗಿದೆ, ಇನ್ನು ಸಿಗಲ್ಲ’ ಎಂಬುದು ಹೊಸದನ್ನು ಮಾರುವವರ ಈಚಿನ ಅಸ್ತ್ರ. ಅರ್ಧ ಸತ್ಯ. ಆರ್-22 ಗ್ಯಾಸ್ ಓಝೋನ್ ಪದರಕ್ಕೆ ಹಾನಿ ಮಾಡುವಂಥದ್ದು. ಅದನ್ನು ಬಳಸುವ ಹೊಸ ಎಸಿಗಳ ತಯಾರಿಕೆ ನಮ್ಮ ದೇಶದಲ್ಲಿ 2025ರ ಜನವರಿ 1ರಿಂದ ನಿಂತಿದೆ. ಇರುವ ಎಸಿಗಳ ಸರ್ವಿಸಿಗೆ ಅದನ್ನು ಬಳಸಲು ಅಡ್ಡಿಯಿಲ್ಲ, ಪೂರೈಕೆ ಮಾತ್ರ ವರ್ಷ ವರ್ಷ ಕಡಿಮೆಯಾಗುತ್ತ ಹೋಗುತ್ತದೆ. ಆದ್ದರಿಂದ ಆರ್-22 ಎಸಿಯಲ್ಲಿ ನಟ್ಟಿನ ಸೋರಿಕೆಯಾದರೆ ರಿಪೇರಿ ಮಾಡಿಸಿ, ಕಾಯಿಲ್ಲೋ ಕಂಪ್ರೆಸರೋ ಹೋದರೆ ಬೀಳ್ಕೊಡಿ. ಆರ್-410ಎ, ಆರ್-32 ಎಂದು ತಗಡಿನಲ್ಲಿ ಬರೆದಿರುವ ಎಸಿಗೆ ಈ ಮಾತು ಅನ್ವಯಿಸುವುದೇ ಇಲ್ಲ. ಯಾವುದಕ್ಕೇ ಆಗಲಿ ಬರೆದಿರುವ ಗ್ಯಾಸನ್ನೇ ಹಾಕಬೇಕು. ‘ಎಲ್ಲಾ ಒಂದೇ, ಇದು ಹಾಕಿದ್ರೂ ನಡೆಯುತ್ತೆ’ ಎಂದವರಿಗೆ ನಡೆಯಬಹುದು, ನಿಮ್ಮ ಕಂಪ್ರೆಸರಿಗೆ ನಡೆಯುವುದಿಲ್ಲ. ಆರ್-32ಕ್ಕೆ ಸ್ವಲ್ಪ, ಆರ್-290ಕ್ಕೆ ಚೆನ್ನಾಗಿಯೇ ಬೆಂಕಿ ಹತ್ತುವ ಗುಣವಿದೆ. ಒಳಗಿರುವುದನ್ನು ಪೂರ್ತಿ ತೆಗೆಯದೆ ಪೈಪಿಗೆ ಬೆಸುಗೆಯ ಜ್ವಾಲೆ ಹಿಡಿಯಬಾರದು.

ಸಿಡಿಲಿಗೆ ಎಸಿಯ ಪಿಸಿಬಿ, ಅಂದರೆ ಎಲೆಕ್ಟ್ರಾನಿಕ್ ಬೋರ್ಡು, ಹೋದವರು ನಮ್ಮಲ್ಲಿ ಗ್ಯಾಸಿನವರಷ್ಟೇ ಇದ್ದಾರೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು-ಮಿಂಚಿನ ಮಳೆ, ಬೋರ್ಡಿನೊಳಗೆ ಬೆಚ್ಚಗೆ ಸೇರಿಕೊಂಡ ಹಲ್ಲಿ, ಇರುವೆ, ವೈರು ಕಡಿದ ಇಲಿ. ಇನ್ವರ್ಟರ್ ಎಸಿಯ ಬೋರ್ಡು ದುಬಾರಿ, ಆದರೆ ಸುಟ್ಟ ಬಿಡಿಭಾಗವನ್ನಷ್ಟೇ ಬದಲಿಸಿ ರಿಪೇರಿ ಮಾಡಿಕೊಡುವವರು ಶಿವಮೊಗ್ಗದಲ್ಲಿದ್ದಾರೆ, ಹೊಸ ಬೋರ್ಡು ಕೊಳ್ಳುವ ಮೊದಲು ಅವರಲ್ಲಿ ವಿಚಾರಿಸಿ. ಕಂಪನಿ ಬಿಡಿಭಾಗವಿಲ್ಲ ಎಂದು ಕೈಚೆಲ್ಲಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಎಸಿ ಬದಲಿಸಿದ ಮಾತ್ರಕ್ಕೆ ಸಿಡಿಲು ನಿಲ್ಲುವುದಿಲ್ಲ ಎಂಬುದೂ ಗಮನದಲ್ಲಿರಲಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗ್ ಹಿಡಿತ ತಪ್ಪುತ್ತದೆ, ಗುಂಡಿಗೆ ಆಗಾಗ ನೀರು ಹಾಕಿ. ‘ಸ್ಟೆಬಿಲೈಜರ್ ಬೇಡದ ಎಸಿ’ ಎಂದು ಬರೆದಿದ್ದರೂ ಅದು ವೋಲ್ಟೇಜಿನ ಏರಿಳಿತದ ಮಾತು, ಸಿಡಿಲಿನದಲ್ಲ. ಗುಡುಗು ಕೇಳಿಸಿದ ಕೂಡಲೇ ಎಂಸಿಬಿ ಇಳಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಹೊಸದೇ ಎಂದು ತೀರ್ಮಾನಿಸಿದವರಿಗೆ, ಜಾಗವಿರುವಷ್ಟರಲ್ಲಿ: 450 ಗಂಟೆಯ ಮನೆಗೆ ಫೈವ್ ಸ್ಟಾರಿನ ಹೆಚ್ಚಿನ ಬೆಲೆ ಗಿಟ್ಟುವುದಿಲ್ಲ, ತ್ರೀ ಸ್ಟಾರ್ ಇನ್ವರ್ಟರ್ ಸಾಕು. ಲೇಬಲ್ಲಿನಲ್ಲಿ ಸ್ಟಾರ್ ಎಣಿಸುವುದಕ್ಕಿಂತ ವರ್ಷ ಮತ್ತು ಯೂನಿಟ್ ನೋಡಿ, 2022ರ ಜುಲೈನಲ್ಲಿ ಪಟ್ಟಿ ಬಿಗಿಯಾಗಿ ಹಿಂದಿನ ಫೈವ್ ಸ್ಟಾರ್‌ಗಳಲ್ಲಿ ಹೆಚ್ಚಿನವು ಫೋರ್ ಸ್ಟಾರ್ ಆದವು. 2025ರ ಸೆಪ್ಟೆಂಬರ್ 22ರಿಂದ ಎಸಿಯ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ನೋಡಿಕೊಳ್ಳಿ. ಹತ್ತು ವರ್ಷ ಮಳೆ ತಿಂದ ಹಳೆ ತಾಮ್ರದ ಪೈಪಿಗೇ ಹೊಸ ಎಸಿ ಜೋಡಿಸಲು ಬಿಡಬೇಡಿ. ಹಳೆಯದನ್ನು ಗುಜರಿಗೆ ಕೊಡುವಾಗ ಗ್ಯಾಸನ್ನು ಗಾಳಿಗೆ ಬಿಡದೆ ತೆಗೆಸಿ, ಹೊಸದನ್ನು ಕೊಟ್ಟ ಕಂಪನಿಗೇ ಹಳೆಯದನ್ನು ಒಯ್ಯಲು ಹೇಳಿ, ಇ-ತ್ಯಾಜ್ಯ ನಿಯಮದಡಿ ಎಸಿಯೂ ಬರುತ್ತದೆ. ಫಿಟ್ಟಿಂಗ್ ಮಾಡುವ ಹುಡುಗ ವ್ಯಾಕ್ಯೂಮ್ ಪಂಪ್ ತಂದಿಲ್ಲವೆಂದರೆ ಆ ದಿನ ಕೂರಿಸಬೇಡಿ, ತರುವ ದಿನವೇ ಬಾ ಎಂದು ಕಳಿಸಿ.